ಟಿಚ್ ಬಟನ್ ಅಂಗಿಯ ಅಳತೆ

ಕುದುರೆ, ಅಗಲ ಅಂಚಿನ ಟೋಪಿ, ನೀಲಿ ಡೆನಿಮ್ ಅಂಗಿ. ಅಮೆರಿಕದ ಕೌಬಾಯ್ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರವಿದು. ಅಂಗಿಯ ಹೆಗಲ ಮೇಲೆ ಮೊನಚಾದ ಪಟ್ಟಿ, ಎದೆಗೆ ಎರಡು ಜೇಬು, ಮುತ್ತಿನಂತೆ ಹೊಳೆಯುವ ಟಿಚ್ ಬಟನ್. ಈ ಹಳೆಯ ಮಾದರಿಗೆ ಇಂದಿಗೂ ಬೇಡಿಕೆಯಿದೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೌಬಾಯ್‌ಗೆ ಇಂಥ ಅಂಗಿಯ ಪರಿಚಯವೇ ಇರಲಿಲ್ಲ!

1865ರಲ್ಲಿ ಅಂತರ್ಯುದ್ಧ ಮುಗಿದ ನಂತರ ಟೆಕ್ಸಾಸ್‌ನಿಂದ ಉತ್ತರದ ರೈಲು ನಿಲ್ದಾಣಗಳಿಗೆ ದನ ಹೊಡೆದುಕೊಂಡು ಹೋಗುತ್ತಿದ್ದ ಆಳುಗಳು ಸಾಮಾನ್ಯವಾಗಿ ತೊಡುತ್ತಿದ್ದುದು ತಲೆಯಿಂದ ತೂರಿಸಿ ಹಾಕಿಕೊಳ್ಳುವ, ಸಡಿಲವಾದ ಉಣ್ಣೆ ಅಥವಾ ಹತ್ತಿಯ ಅಂಗಿ. ಮೈಗೊಪ್ಪುವ ಕತ್ತರಿಕೆಯ, ಟಿಚ್ ಬಟನ್‌ನ ಅಂಗಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ರೋಡಿಯೊ ಪಂದ್ಯಗಳು ಮತ್ತು ಹಾಲಿವುಡ್ ಚಿತ್ರಗಳ ಜೊತೆಗೆ. 1930ರ ದಶಕದಲ್ಲಿ ರೋಡಿಯೊ ತಾರೆಯರಿಗೆ ಬಟ್ಟೆ ಹೊಲಿದು ಹೆಸರಾದ ದರ್ಜಿ 'ರೋಡಿಯೊ ಬೆನ್' ಇದ್ದುದು ದನಗಾಹಿಗಳ ನಾಡಿನಿಂದ ಬಹುದೂರದ ಫಿಲಡೆಲ್ಫಿಯಾದಲ್ಲಿ.

ಈ ಅಂಗಿಯನ್ನು ಜನಸಾಮಾನ್ಯರ ಅಂಗಡಿಗಳಿಗೆ ತಲುಪಿಸಿದವರಲ್ಲಿ ಜ್ಯಾಕ್ ವೈಲ್ ಪ್ರಮುಖರು. 1946ರಲ್ಲಿ ಡೆನ್ವರ್ ನಗರದಲ್ಲಿ ಅವರು 'ರಾಕ್‌ಮೌಂಟ್' ಕಂಪೆನಿ ಆರಂಭಿಸಿದರು. ನೂರು ದಾಟಿದ ಮೇಲೂ ಕಚೇರಿಗೆ ಬರುತ್ತಿದ್ದ ಅವರು 2008ರಲ್ಲಿ ತೀರಿಕೊಂಡಾಗ ವಯಸ್ಸು 107.

ಟಿಚ್ ಬಟನ್ ಬರಿಯ ಅಲಂಕಾರವಲ್ಲ. ಅಂಗಿ ಜೀನಿನ ಕೊಂಬಿಗೋ ದನದ ಕೋಡಿಗೋ ಸಿಕ್ಕಿಕೊಂಡರೆ ಅದು ತಟ್ಟನೆ ಬಿಚ್ಚಿಕೊಳ್ಳುತ್ತದೆ. ಸವಾರ ಅಂಗಿಯೊಡನೆ ಎಳೆದುಕೊಂಡು ಹೋಗುವ ಅಪಾಯ ಕಡಿಮೆ. ಕಿತ್ತುಹೋದ ಗುಂಡಿ ಹೊಲಿಯುವ ಕೆಲಸವೂ ತಪ್ಪುತ್ತದೆ. ಸಡಿಲ ಬಟ್ಟೆ ಮುಳ್ಳುಕಂಟಿಗೆ ಸಿಕ್ಕುವುದರಿಂದ ಮೈಗೆ ಹತ್ತಿರವಾದ ಕತ್ತರಿಕೆ. ಸವಾರಿಯಲ್ಲಿ ಪ್ಯಾಂಟಿನಿಂದ ಹೊರಬರದಿರಲೆಂದು ಉದ್ದನೆಯ ಕೆಳಅಂಚು.

ಅಳತೆಯ ತೊಡಕಿಗೂ ಒಂದು ಇತಿಹಾಸವಿದೆ. ಸಂಸ್ಕರಿಸದ ಡೆನಿಮ್ ನೀರು ಕಂಡರೆ ಶೇ. 10ರವರೆಗೂ ಕುಗ್ಗಬಲ್ಲದು. 24 ಅಂಗುಲದ ತೋಳು ಎರಡು ಅಂಗುಲಕ್ಕೂ ಹೆಚ್ಚು ಮೋಟಾಗಬಹುದು. ಹೀಗಾಗಿ ಜನ ಒಂದು ಅಳತೆ ದೊಡ್ಡದನ್ನೇ ಕೊಳ್ಳುತ್ತಿದ್ದರು. ಬಟ್ಟೆಯನ್ನು ಗಿರಣಿಯಲ್ಲೇ ಮೊದಲು ಕುಗ್ಗಿಸುವ ವಿಧಾನಕ್ಕೆ ಸ್ಯಾನ್‌ಫರ್ಡ್ ಕ್ಲುಯೆಟ್ 1930ರಲ್ಲಿ ಪೇಟೆಂಟ್ ಪಡೆದರು. 'ಸ್ಯಾನ್‌ಫರೈಸ್' ಎಂಬ ಮಾತು ಬಂದದ್ದು ಅವರ ಹೆಸರಿನಿಂದಲೇ. ಅಂಗಿಯ ಚೀಟಿಯ ಮೇಲಿನ ಸಂಖ್ಯೆಯನ್ನು ನಂಬುವುದು ಆಮೇಲಷ್ಟೇ ಸಾಧ್ಯವಾಯಿತು.

ಹಳೆಯ ಪದ್ಧತಿಯನ್ನೇ ಉಳಿಸಿಕೊಂಡ ಕೆಲವರು ಇಂದಿಗೂ ಕುಗ್ಗುವ ಬಟ್ಟೆಯಲ್ಲೇ ಅಂಗಿ ಹೊಲಿಯುತ್ತಾರೆ. ಆದ್ದರಿಂದ ಕೊಳ್ಳುವಾಗ ಬಟ್ಟೆ ಮೊದಲೇ ಕುಗ್ಗಿಸಿದ್ದೇ ಎಂದು ಕೇಳುವುದು ಲೇಸು. ಸರಿಯಾಗಿ ಒಪ್ಪುವ ಹಳೆಯ ಅಂಗಿಯೊಂದನ್ನು ಹರಡಿ ಟೇಪು ಹಿಡಿದರೆ ಚೀಟಿಗಿಂತ ಖಚಿತವಾದ ಅಳತೆ ಸಿಗುತ್ತದೆ. ಹೆಗಲ ಹೊಲಿಗೆ ಹೆಗಲಿನ ಮೂಳೆಯ ಮೇಲೇ ಕೂರಬೇಕು. ಕೊನೆಗೆ, ಲಗಾಮು ಹಿಡಿದವರಂತೆ ಎರಡೂ ಕೈ ಮುಂದೆ ಚಾಚಿ ನೋಡಬೇಕು. ಆಗಲೂ ತೋಳು ಮಣಿಕಟ್ಟಿನವರೆಗೆ ಇದ್ದರೆ, ಬೆನ್ನು ಬಿಗಿಯದಿದ್ದರೆ, ಅಂಗಿಯ ಅಳತೆ ಸರಿಯಿದೆ ಎಂದೇ ಅರ್ಥ.