ಗಾಳಿಗೋಪುರ ಮತ್ತು ಏಸಿ ಮೆಕ್ಯಾನಿಕ್

ಗಾಳಿಗೋಪುರ ಕಟ್ಟುವುದೆಂದರೆ ಹಗಲುಗನಸು ಕಾಣುವುದು ಎಂದು ನಾವು ಅರ್ಥೈಸುತ್ತೇವೆ. ಆದರೆ ಕೊಲ್ಲಿಯ ಮರುಭೂಮಿಯಲ್ಲಿ ಅದೊಂದು ನಿಜವಾದ ಕಟ್ಟಡ. ಇಪ್ಪತ್ತನೆಯ ಶತಮಾನದ ಆರಂಭದ ಸುಮಾರಿಗೆ ದಕ್ಷಿಣ ಇರಾನಿನಿಂದ ಬಂದ ವರ್ತಕರು ದುಬೈಯ ಬಸ್ತಕಿಯಾದಲ್ಲಿ ಮನೆ ಕಟ್ಟಿದಾಗ ಮೇಲೊಂದು ಗೋಪುರವನ್ನೂ ಎಬ್ಬಿಸಿದರು. ಅರಬಿಯಲ್ಲಿ ಅದು ಬರ್ಜೀಲ್. ನಾಲ್ಕು ದಿಕ್ಕಿಗೂ ತೆರೆದ ಆ ಗೋಪುರ ಎತ್ತರದ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತಿತ್ತು.

ನಮ್ಮ ನಂಜನಗೂಡು, ತಿ. ನರಸೀಪುರದ ಕಡೆಯ ಹಳೆಯ ತೊಟ್ಟಿಮನೆಗಳಲ್ಲಿಯೂ ಇದೇ ವಿವೇಕವಿತ್ತು. ದಪ್ಪ ಮಣ್ಣಿನ ಗೋಡೆ, ನಾಡಹೆಂಚು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಕಾದ ಗಾಳಿ ಮೇಲೇರಿ ಹೋಗುತ್ತಿತ್ತು. ಇಂಥ ಮನೆಗಳ ತಂಪು ಕೆಟ್ಟುಹೋಗಿ ರಿಪೇರಿಯವನಿಗಾಗಿ ಕಾಯುವ ಪ್ರಸಂಗವೇ ಇರಲಿಲ್ಲ.

1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಹವಾನಿಯಂತ್ರಣ ಯಂತ್ರ ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್‌ನ ಮುದ್ರಣಾಲಯವೊಂದರ ಕಾಗದ ತೇವಕ್ಕೆ ಕೆಡದಿರಲೆಂದು. ದುಬೈಯ ವಿದ್ಯುತ್ ಕಂಪೆನಿ ಕೆಲಸ ಆರಂಭಿಸಿದ್ದು 1961ರಲ್ಲಿ. ಆಮೇಲೆ ಕಾಂಕ್ರೀಟು, ಗಾಜಿನ ಮನೆಗಳು ಯಂತ್ರವನ್ನೇ ನಂಬಿ ಎದ್ದವು. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ತಾಪ ದಾಖಲಾಯಿತು. ಅಂಥ ದಿನ ಏಸಿ ನಿಂತರೆ ಮನೆ ಕುಲುಮೆಯಾಗುತ್ತದೆ. ಹಸುಗೂಸಿಗೆ, ವೃದ್ಧರಿಗೆ ಅದು ಪ್ರಾಣದ ಪ್ರಶ್ನೆ.

ಆಗ ಫೋನ್ ಕರೆ ಹೋಗುತ್ತದೆ. ಉರಿಬಿಸಿಲಲ್ಲಿ ತಾರಸಿ ಹತ್ತುವವನು ಹೆಚ್ಚಾಗಿ ನಮ್ಮಂಥ ಊರುಗಳಿಂದ ಹೋದ ಹುಡುಗ. ಯುಎಇ 2005ರಿಂದ ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ದುಡಿಸುವುದನ್ನು ನಿಷೇಧಿಸಿದೆಯಾದರೂ ಕೆಲವು ತುರ್ತು ದುರಸ್ತಿಗಳಿಗೆ ವಿನಾಯಿತಿ ಇದೆ.

ಬಿಸಿಲು ತೀವ್ರವಾದಾಗ ಝುಹ್ರ್ ನಮಾಝನ್ನೇ ತುಸು ತಂಪಾಗುವವರೆಗೆ ಮುಂದೂಡಲು ಪ್ರವಾದಿ(ಸ) ಹೇಳಿದ್ದರು. ನಮಾಝಿಗೇ ಇರುವ ಈ ರಿಯಾಯಿತಿ ರಿಪೇರಿಗೆ ಯಾಕಿರಬಾರದು? ಬೇಸಿಗೆಗೆ ಮುನ್ನವೇ ಸರ್ವಿಸ್ ಮಾಡಿಸಿದರೆ, ಫಿಲ್ಟರ್ ತೊಳೆದಿಟ್ಟರೆ ಎಷ್ಟೋ ತುರ್ತು ಕರೆಗಳು ತಪ್ಪುತ್ತವೆ. ಕೆಟ್ಟರೂ ಮಕ್ಕಳನ್ನು, ಹಿರಿಯರನ್ನು ತಂಪಿರುವ ನೆರೆಮನೆಗೆ ಕಳಿಸಿ, ನಾವು ಸಂಜೆಯವರೆಗೆ ಕಾಯಬಹುದು. ಕಾಯಲಾಗದ ಸ್ಥಿತಿಯಿದ್ದರೆ ಬಂದವನಿಗೆ ಮೊದಲು ನೀರು, ನೆರಳು ಕೊಡೋಣ. ಬೆವರು ಆರುವ ಮುನ್ನ ಕೂಲಿಯನ್ನೂ ಕೊಡೋಣ.

ಗಾಳಿಗೋಪುರ ಯಾರನ್ನೂ ಬಿಸಿಲಿಗೆ ನಿಲ್ಲಿಸದೆ ಮನೆಯನ್ನು ತಂಪಾಗಿಟ್ಟಿತ್ತು. ನಮ್ಮ ತಂಪಿಗೆ ಇಂದು ಯಾರು ಬೇಯುತ್ತಿದ್ದಾರೆ ಎಂಬುದನ್ನು ನಾವು ಮರೆಯಬಾರದು.