10 ಡಾಲರ್ ವಕೀಲ

ಕ್ರಿಕೆಟ್‌ನಲ್ಲಿ ಡೌಟ್ ಬಂದ್ರೆ ಬ್ಯಾಟ್ಸ್‌ಮನ್ ಪರ ಅಂತೀವಲ್ಲ? ಅಮೆರಿಕದಲ್ಲಿ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರಕ್ಕೂ ಅದೇ ನಿಯಮ. ತೊಂದರೆ ಸೇನೆಯ ಕೆಲಸದಿಂದಲೇ ಬಂತಾ ಅನ್ನೋದಕ್ಕೆ ಪರ-ವಿರೋಧ ಸಾಕ್ಷ್ಯ ಸಮ ಇದ್ರೆ, ತೀರ್ಮಾನ ಸೈನಿಕರ ಕಡೆಗೆ.

ಆದ್ರೆ ನಿಯಮ ಪಾಲಿಸಿದ್ರಾ ಅಂತ ನೋಡೋರು ಯಾರು? 1933ರಲ್ಲಿ ಶುರುವಾದ ಮೇಲ್ಮನವಿ ಮಂಡಳಿ ಅದೇ ಇಲಾಖೆಯೊಳಗಿತ್ತು. ಅದು 'ಇಲ್ಲ' ಅಂದ್ರೆ ಸಾಮಾನ್ಯವಾಗಿ ಅಲ್ಲಿಗೆ ಮುಗೀತು. ಕೋರ್ಟಿಗೆ ಹೋಗೋ ಹಾಗಿರಲಿಲ್ಲ. ವಕೀಲರನ್ನ ಇಡೋಣ ಅಂದ್ರೆ ಅವರ ಫೀಸ್ 10 ಡಾಲರ್ ದಾಟೋ ಹಾಗಿಲ್ಲ! ಏಜೆಂಟರು ಸೈನಿಕರನ್ನ ಸುಲಿಯಬಾರದು ಅಂತ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಹಾಕಿದ ಮಿತಿ ಅದು. ನೂರು ವರ್ಷ ದಾಟಿದ್ರೂ ಹಾಗೇ ಉಳೀತು. ಆ ದುಡ್ಡಿಗೆ ಯಾವ ವಕೀಲರು ಬರ್ತಾರೆ? ಅಣು ವಿಕಿರಣಕ್ಕೆ ಸಿಕ್ಕವರ ಸಂಘ ಇದನ್ನ ಪ್ರಶ್ನಿಸ್ತು. 1985ರಲ್ಲಿ ಸುಪ್ರೀಂ ಕೋರ್ಟ್ ಮಿತಿಯನ್ನೇ ಎತ್ತಿಹಿಡೀತು.

ಕೊನೆಗೆ 1988ರ ಕಾನೂನು ಮಾಜಿ ಸೈನಿಕರ ಮೇಲ್ಮನವಿಗಂತಲೇ ಒಂದು ಕೋರ್ಟ್ ಕೊಟ್ಟಿತು, 10 ಡಾಲರ್ ಮಿತಿ ತೆಗೀತು. 1990ರ ಗಿಲ್ಬರ್ಟ್ ಕೇಸಲ್ಲಿ ಆ ಕೋರ್ಟ್ ಮಂಡಳಿಗೆ ಹೇಳಿದ್ದು ಇಷ್ಟೇ: ಸುಮ್ನೆ 'ಇಲ್ಲ' ಅಂದ್ರೆ ಸಾಲದು, ಯಾಕೆ ಅಂತ ಕಾರಣ ಬರೀಬೇಕು.

ಡೌಟ್ ನಮ್ಮ ಪರ ಅಂತ ನಿಯಮ ಇದ್ರಷ್ಟೇ ಸಾಕಾ? ಅಂಪೈರ್ ತೀರ್ಮಾನಕ್ಕೂ ಒಂದು ರಿವ್ಯೂ ಬೇಕಲ್ವಾ?