ಉಗುರುಬೆಚ್ಚಗಿನ ನೀರಿನ ಚರಿತ್ರೆ

ಅಮೆರಿಕಾ ಸಂಯುಕ್ತ ಸಂಸ್ಥಾನವು ತನ್ನ ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ಸಂಭ್ರಮದಲ್ಲಿದ್ದ 1976ನೆಯ ಇಸವಿಯ ಜುಲೈ ತಿಂಗಳಲ್ಲಿ, ಫಿಲಡೆಲ್ಫಿಯಾ ನಗರದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ನಾಲ್ಕು ದಿನಗಳ ಸಮ್ಮೇಳನವನ್ನು ಮುಗಿಸಿ ತಂತಮ್ಮ ಊರುಗಳಿಗೆ ಮರಳಿದ ಮಾಜಿ ಸೈನಿಕರು, ವಾರವೊಂದು ಕಳೆಯುವಷ್ಟರಲ್ಲಿ ಒಬ್ಬರಾದ ಮೇಲೊಬ್ಬರು ತೀವ್ರ ಜ್ವರದಿಂದಲೂ ಶ್ವಾಸಕೋಶದ ಉರಿಯೂತದಿಂದಲೂ ಹಾಸಿಗೆ ಹಿಡಿದರು. ರೋಗಕ್ಕೆ ತುತ್ತಾದವರು ಒಟ್ಟು 221 ಮಂದಿ; ಮಡಿದವರು 34. ಯುದ್ಧಗಳನ್ನು ದಾಟಿ ಬದುಕಿ ಬಂದವರನ್ನು ಆಹುತಿ ತೆಗೆದುಕೊಂಡ ವ್ಯಾಧಿಗೆ ಅಂದು ಹೆಸರೇ ಇರಲಿಲ್ಲ.

ಹಂದಿಜ್ವರವೋ, ಲೋಹದ ವಿಷವೋ ಎಂದು ತರ್ಕಿಸುತ್ತಿದ್ದ ತಜ್ಞರನ್ನು ಅತ್ಯಂತ ಬೆರಗುಗೊಳಿಸಿದ ಸಂಗತಿಯೆಂದರೆ, ಹೋಟೆಲಿನೊಳಕ್ಕೆ ಕಾಲಿಡದೆ ಅದರ ಮುಂದಿನ ಬ್ರಾಡ್ ಸ್ಟ್ರೀಟಿನಲ್ಲಿ ಸುಮ್ಮನೆ ನಡೆದುಹೋದವರಲ್ಲಿಯೂ ಕೆಲವರು ಅದೇ ರೀತಿ ಕಾಯಿಲೆ ಬಿದ್ದದ್ದು. ಉಂಡ ಅನ್ನದಿಂದಲ್ಲ, ಉಸಿರಾಡಿದ ಗಾಳಿಯಿಂದ ಬಂದ ಕೇಡಿದು ಎಂಬ ಶಂಕೆ ಬಲವಾಯಿತು. ಹೋಟೆಲು ಗಿರಾಕಿಗಳಿಲ್ಲದೆ ಅದೇ ನವೆಂಬರಿನಲ್ಲಿ ಬಾಗಿಲು ಮುಚ್ಚಿತು.

ರೋಗನಿಯಂತ್ರಣ ಕೇಂದ್ರದ ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿ, ಮೃತರ ಶ್ವಾಸಕೋಶದ ಅಂಶವನ್ನು ಗಿನಿಯಿಲಿಗಳಿಗೆ ಚುಚ್ಚಿ ಪರೀಕ್ಷಿಸಿದಾಗ, ಗಾಜಿನ ಪಟ್ಟಿಕೆಗಳ ಮೇಲೆ ಅಲ್ಲೊಂದು ಇಲ್ಲೊಂದು ಕಡ್ಡಿಯಾಕಾರದ ಸೂಕ್ಷ್ಮಾಣುಗಳನ್ನು ಕಂಡಿದ್ದರೂ, ಅವು ಹೊರಗಿನಿಂದ ಸೇರಿದ ಕಲ್ಮಷವೆಂದು ಕಡೆಗಣಿಸಿದ್ದರು. ಆದರೆ ಅವು ನಿಜವಾಗಿ ಕಲ್ಮಷವೇ ಎಂಬ ಸಂದೇಹ ಅವರ ಮನಸ್ಸನ್ನು ಬಿಡಲಿಲ್ಲ. ವರ್ಷಾಂತ್ಯದಲ್ಲಿ ಹಳೆಯ ಪಟ್ಟಿಕೆಗಳನ್ನೇ ಮತ್ತೆ ಸೂಕ್ಷ್ಮದರ್ಶಕದಡಿಯಲ್ಲಿಟ್ಟು, ಅದೇ ಜೀವಿಯನ್ನು ಕೋಳಿಮೊಟ್ಟೆಗಳಲ್ಲಿ ಬೆಳೆಸಿ, ಬದುಕುಳಿದ ರೋಗಿಗಳ ರಕ್ತರಸದೊಡನೆ ಹೋಲಿಸಿ ನೋಡಿ, ಚಾರ್ಲ್ಸ್ ಷೆಪರ್ಡ್‌ರೊಂದಿಗೆ 1977ರ ಜನವರಿಯಲ್ಲಿ ಕಾರಣವನ್ನು ಲೋಕಕ್ಕೆ ತಿಳಿಸಿದರು. ತಾನು ಒಮ್ಮೆ ತೀರ್ಮಾನಿಸಿ ಬದಿಗಿಟ್ಟದ್ದನ್ನು ತಾನೇ ಮರಳಿ ತೆರೆದು ನೋಡಿದ ಆ ಪ್ರಾಮಾಣಿಕತೆಯನ್ನು ನಾನು ಶೋಧಕ್ಕಿಂತಲೂ ಮಿಗಿಲಾಗಿ ಗೌರವಿಸುತ್ತೇನೆ.

ಲೆಜಿಯೊನೆಲ್ಲಾ ಎಂದು ಹೆಸರಾದ ಈ ಬ್ಯಾಕ್ಟೀರಿಯಾ ಹೊಸದೇನೂ ಆಗಿರಲಿಲ್ಲ. 1965ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿಯೂ, 1968ರಲ್ಲಿ ಮಿಚಿಗನ್ ಪ್ರಾಂತದ ಪಾಂಟಿಯಾಕ್ ಊರಿನ ಆರೋಗ್ಯ ಇಲಾಖೆಯ ಕಟ್ಟಡದಲ್ಲಿಯೂ ಅದು ಜನರನ್ನು ಕಾಡಿತ್ತೆಂಬುದನ್ನು, ಶೀತಪೆಟ್ಟಿಗೆಗಳಲ್ಲಿ ಜೋಪಾನವಾಗಿಟ್ಟಿದ್ದ ರಕ್ತರಸದ ಸೀಸೆಗಳು ಹೇಳಿದುವು.

ಕೆರೆಕುಂಟೆಗಳಲ್ಲಿ ಅಲ್ಪವಾಗಿ ವಾಸಿಸುವ ಈ ಜೀವಿಗೆ ಸಮೃದ್ಧಿಯನ್ನು ಕರುಣಿಸಿದವರು ನಾವೇ. 25ರಿಂದ 45 ಡಿಗ್ರಿ ಸೆಲ್ಸಿಯಸ್‌ನೊಳಗಿನ ನೀರು, ಕೊಳವೆಯ ಗೋಡೆಗೆ ಅಂಟಿದ ಲೋಳೆ, ಆ ಲೋಳೆಯಲ್ಲಿ ಮೇಯುವ ಅಮೀಬಾಗಳ ಒಡಲು, ಇಷ್ಟು ದೊರೆತರೆ ಅದು ತಂಡತಂಡವಾಗಿ ವೃದ್ಧಿಯಾಗುವುದು. ಶವರಿನ ತುಂತುರಿನಲ್ಲಿಯೋ, ಮಹಡಿಯ ಮೇಲಿನ ಕೂಲಿಂಗ್ ಟವರಿನಿಂದೇಳುವ ಹನಿಮಂಜಿನಲ್ಲಿಯೋ ಉಸಿರನ್ನು ಸೇರುವುದು. ಆದುದರಿಂದ ಬಿಸಿನೀರನ್ನು 60 ಡಿಗ್ರಿಯಲ್ಲಿ ಸಂಗ್ರಹಿಸಬೇಕು, ತಣ್ಣೀರು 20 ಡಿಗ್ರಿಯನ್ನು ಮೀರಕೂಡದು, ಬಳಸದೆ ಬಿಟ್ಟ ಕೊಳವೆಯ ತುಂಡುಗಳನ್ನು ಕತ್ತರಿಸಿಹಾಕಬೇಕು, ತೊಟ್ಟಿಗಳ ಲೋಳೆಯನ್ನು ಕಾಲಕಾಲಕ್ಕೆ ಕೆರೆದು ತೊಳೆಯಬೇಕೆಂಬ ವಿಧಿಗಳು ಒಂದೊಂದಾಗಿ ರೂಪುಗೊಂಡುವು.

ವಿಧಿಯಿದ್ದರೂ ಪಾಲನೆ ತಡವಾಯಿತು. 2015ರ ಬೇಸಗೆಯಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್ ಬಡಾವಣೆಯಲ್ಲಿ ಒಂದು ಹೋಟೆಲಿನ ಕೂಲಿಂಗ್ ಟವರಿನಿಂದ ಹೊರಟ ಮಂಜು 138 ಜನರಿಗೆ ರೋಗ ತಂದು, 16 ಮಂದಿಯ ಪ್ರಾಣ ತೆಗೆಯಿತು. ಆ ಮಹಾನಗರದ ಮಹಡಿಗಳ ಮೇಲೆ ಇಂಥ ಗೋಪುರಗಳು ಎಲ್ಲೆಲ್ಲಿ ನಿಂತಿವೆಯೆಂಬ ಪಟ್ಟಿ ಅಲ್ಲಿಯವರೆಗೆ ಯಾರ ಬಳಿಯಲ್ಲಿಯೂ ಇರಲಿಲ್ಲ. ಶಾಸನವೊಂದನ್ನು ಮಾಡಿ, ಗೋಪುರಗಳನ್ನು ದಾಖಲಿಸುವ ಕಾರ್ಯ ಆ ಬಳಿಕವೇ ಆರಂಭವಾಯಿತು.